ಕೂತರೆ ಹೊತ್ತುವ ದೀಪ

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ‘ಆಫೀಸು’ ಎಂದು ಹೇಳಿ ಮಾತು ತೇಲಿಸಿಬಿಡುತ್ತೇನೆ. ಬಿಡಿಸಿ ಹೇಳಹೊರಟರೆ ಕೇಳಿದವರು ಪಾಪ, ಯಾಕಾದರೂ ಕೇಳಿದೆವೋ ಎನ್ನುವಂತೆ ಬಾಗಿಲ ಕಡೆ ನೋಡತೊಡಗುತ್ತಾರೆ. ಆದರೆ ಈಗ ಹೇಳದೆ ವಿಧಿಯಿಲ್ಲ. ಅಂಗಡಿಗೆ ಇನ್ನೂ ಬಾರದ ಹೊಸ ಯಂತ್ರಗಳನ್ನು ಜನರ ಮನೆಯಲ್ಲಿಟ್ಟು ಬರುವುದು, ಅವರು ಅದಕ್ಕೆ ಒಗ್ಗಿಕೊಂಡರು ಎನ್ನಿಸಿದ ಮೇಲೆ ಒಂದು ದಿನ ಎತ್ತಿಕೊಂಡು ಬರುವುದು, ಆಮೇಲೆ ಅವರು ಏನು ಮಾಡುತ್ತಾರೆಂದು ನೋಡುವುದು. ಇದು ನನ್ನ ಕೆಲಸ. ಎತ್ತುತ್ತೇವೆ ಎಂದು ಮೊದಲೇ ಒಪ್ಪಿಸಿರುತ್ತೇವೆ. ಯಾವತ್ತು ಎಂದು ಮಾತ್ರ ಹೇಳಿರುವುದಿಲ್ಲ.

ಇಟ್ಟುಕೊಂಡಿರುವಾಗ ಕೇಳಿದರೆ ಎಲ್ಲರೂ ‘ತುಂಬಾ ಚೆನ್ನಾಗಿದೆ ಮೇಡಂ’ ಎನ್ನುತ್ತಾರೆ. ಪುಕ್ಕಟೆ ಬಂದದ್ದನ್ನು ಯಾರು ಹಳಿಯುತ್ತಾರೆ? ನಿಜ ಗೊತ್ತಾಗುವುದು ಎತ್ತಿದ ಮೇಲೆ. ಸಾಮಾನು ಅಲ್ಲಿಲ್ಲ ಎಂದು ತಲೆಗೆ ಗೊತ್ತಿದ್ದರೂ ಕೈ ತಾನಾಗಿ ಆ ಖಾಲಿ ಜಾಗಕ್ಕೆ ಹೋಗಿ ತಡಕಾಡಿದರೆ, ಆ ಸಾಮಾನು ನಾಳೆ ಎಲ್ಲರ ಮನೆಗೂ ಬೇಕಾಗುತ್ತದೆ ಎಂದರ್ಥ. ನಮ್ಮ ಆಫೀಸಿನ ಬಾಯಲ್ಲಿ ಅದಕ್ಕೆ ‘ತಡಕು’ ಎಂದು ಹೆಸರು. ‘ಆ ಮನೆಯಲ್ಲಿ ತಡಕು ಬಿತ್ತಾ?’ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಹೊರಗಿನವರು ಕೇಳಿಸಿಕೊಂಡರೆ ನಾವೇನೋ ಕಳ್ಳರು ಅಂದುಕೊಳ್ಳಬೇಕು.

ನಮ್ಮ ಮೇಲಧಿಕಾರಿಗೆ ನಾವೆಲ್ಲ ಇಟ್ಟ ಹೆಸರು ಒಂದೇಮಾತು ಸಾರ್. ನಾನು ಏನು ಹೇಳಲು ಬಾಯಿ ತೆರೆದರೂ, ‘ಒಂದೇ ಮಾತಲ್ಲಿ ಹೇಳಿ ಮೇಡಂ, ಬೇಕಾ ಬೇಡ್ವಾ?’ ಎನ್ನುತ್ತಾರೆ. ನನಗೆ ಹುಟ್ಟಿದಾರಭ್ಯ ಯಾವುದನ್ನೂ ಒಂದೇ ಮಾತಲ್ಲಿ ಹೇಳಿ ಅಭ್ಯಾಸವಿಲ್ಲ. ಹೇಳಿದಾಗಲೆಲ್ಲ ತಪ್ಪಾಗಿದೆ. ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡುವುದು ಹೊಸದಾಗಿ ಬಂದಾಗ ನಾನು ‘ಬೇಡ’ ಎಂದಿದ್ದೆ. ಯಾರಾದರೂ ಫೋನ್ ಮಾಡಿದರೆಂದು ತಲೆ ಬಾಚಿಕೊಳ್ಳುತ್ತಾ ಕೂರುವವರು ಯಾರು ಎಂದು ವಾದಿಸಿದ್ದೆ. ಈಗ ನಾನೇ ತಲೆ ಬಾಚಿಕೊಂಡು ಕೂರುತ್ತೇನೆ. ಮರೆತು ಬಿಟ್ಟು ಹೋದರೆ ಕೂಗಿ ಕರೆಯುವ ಛತ್ರಿಗೆ ‘ಬೇಕು’ ಎಂದಿದ್ದೆ. ಅದು ಕೊಂಡವರನ್ನು ಬಿಟ್ಟು ಪಕ್ಕದಲ್ಲಿ ಕೂತವರನ್ನೆಲ್ಲ ಕೂಗಿ, ಜನ ಅದನ್ನು ಬೇಕೆಂದೇ ಮರೆತು ಹೋಗತೊಡಗಿದರು.

ಹೀಗಿರುವಾಗ ಈ ಸಲ ನನ್ನ ಪಾಲಿಗೆ ಮೂರು ಸಾಮಾನು ಬಂದವು. ಒಂದು ಫ್ರಿಜ್ಜಿನೊಳಗೆ ಕೂತು ಯಾವ ತರಕಾರಿ ಕೊಳೆಯುತ್ತಿದೆ ಎಂದು ಫೋನಿಗೆ ಹೇಳುವ ಕಣ್ಣು. ಇನ್ನೊಂದು ಹಾಸಿಗೆಯ ಕೆಳಗಿಟ್ಟರೆ ನಿದ್ದೆಗೆ ಅಂಕ ಕೊಡುವ ಪಟ್ಟಿ. ಮೂರನೆಯದು ಒಂದು ಮೆತ್ತೆ, ಒಂದು ದೀಪ.

ಒಂದೇಮಾತು ಸಾರ್ ಹೇಳಿದರು: ‘ಇದರಲ್ಲಿ ಒಂದನ್ನೇ ತಯಾರು ಮಾಡೋದು. ಯಾವುದು ಅಂತ ನೀವೇ ಹೇಳಬೇಕು. ಈ ಸಲವೂ ಎಡವಟ್ಟಾದ್ರೆ ನಿಮ್ಮನ್ನ ದೂರು ಕೇಳೋ ಮೇಜಿಗೆ ಕೂರಿಸ್ತೀನಿ.’ ದೂರು ಕೇಳುವ ಮೇಜೆಂದರೆ ದಿನವಿಡೀ ಫೋನಿನಲ್ಲಿ ಬೈಗುಳ ತಿನ್ನುವ ಕೆಲಸ. ನನಗೆ ನನ್ನ ಕೆಲಸದ ಮೇಲೆ ಪ್ರೀತಿ. ಬೇರೆಯವರ ಮನೆಯೊಳಗೆ ಕೂತು ಅವರ ಬದುಕು ನೋಡುವ ಚಟ ಹತ್ತಿಬಿಟ್ಟಿದೆ. 

ಫ್ರಿಜ್ಜಿನ ಕಣ್ಣನ್ನು ದರ್ಜಿಯೊಬ್ಬಳ ಮನೆಯಲ್ಲಿಟ್ಟು ಎತ್ತಿದೆ. ಮರುದಿನ ಹೋಗಿ ಮಾತಿಗೆ ಕೂತರೆ, ‘ಮೇಡಂ, ಫ್ರಿಜ್ಜಲ್ಲಿ ಏನೋ ಇತ್ತಲ್ಲ, ಅದು ಹೋದಮೇಲೆ ಒಂದು ಪಾತ್ರೆ ಇಡೋಕೆ ಜಾಗ ಆಯ್ತು’ ಎಂದು ಖುಷಿಪಟ್ಟಳು. ನಿದ್ದೆಯ ಪಟ್ಟಿಯನ್ನು ಒಬ್ಬ ಮೇಷ್ಟ್ರ ಮನೆಯಿಂದ ಎತ್ತಿದೆ. ಅವರ ಹೆಂಡತಿ ಸಪ್ಪೆ ಮುಖ ಹಾಕಿಕೊಂಡು, ‘ನಿನ್ನೆ ಎಷ್ಟು ಚೆನ್ನಾಗಿ ಮಲಗಿದ್ದೆ ಅಂತ ಯಾರೂ ಹೇಳ್ಲಿಲ್ಲ. ಈಗ ನನಗೆ ಸುಸ್ತಾಗಿದೆಯೋ ಇಲ್ವೋ ಹೇಗೆ ತಿಳ್ಕೊಳ್ಳೋದು?’ ಎಂದು ನನ್ನನ್ನೇ ಕೇಳಿದರು. ಇದು ತಡಕು ಹೌದೋ ಅಲ್ಲವೋ? ಒಂದು ಕಡೆಯಿಂದ ನೋಡಿದರೆ ಹೌದು. ಇನ್ನೊಂದು ಕಡೆಯಿಂದ ನೋಡಿದರೆ, ಆಯಮ್ಮನಿಗೆ ಬೇಕಾದದ್ದು ಪಟ್ಟಿಯಲ್ಲ, ಬೆಳಗ್ಗೆ ಎದ್ದಾಗ ಹೇಗಿದ್ದೀಯ ಎಂದು ಕೇಳುವ ಒಬ್ಬ ಗಂಡ. ನನ್ನ ತಲೆ ಚಿತ್ರಾನ್ನವಾಗಿ ಹೋಯಿತು.

ಇನ್ನು ಮೆತ್ತೆ ಮತ್ತು ದೀಪದ ವಿಷಯ. ಇದನ್ನು ಎರಡು ಮನೆಗೆ ಜೋಡಿಯಾಗಿ ಇಡಬೇಕು. ಒಂದು ಮನೆಯ ಕುರ್ಚಿಯ ಮೆತ್ತೆಯ ಮೇಲೆ ಯಾರಾದರೂ ಕೂತರೆ ಇನ್ನೊಂದು ಮನೆಯ ದೀಪ ಮೆಲ್ಲಗೆ ಹೊತ್ತಿಕೊಳ್ಳುತ್ತದೆ. ಎದ್ದರೆ ಆರುತ್ತದೆ. ಆ ಮನೆಯವರಿಗೆ ಈ ಮನೆ, ಈ ಮನೆಯವರಿಗೆ ಆ ಮನೆ ಯಾವುದೆಂದು ಹೇಳುವಂತಿಲ್ಲ. ಮಾತಿಲ್ಲ, ಮುಖವಿಲ್ಲ. ಎಲ್ಲೋ ಒಬ್ಬರು ಕೂತಿದ್ದಾರೆ ಎಂದು ಗೊತ್ತಾಗುವುದಷ್ಟೇ. ಅಷ್ಟೇ ಸಾಕಾಗಿ ಮನುಷ್ಯರಿಗೆ ಅದು ಜೊತೆ ಅನ್ನಿಸುತ್ತದೋ ಎಂಬುದು ಪರೀಕ್ಷೆ. ಇಷ್ಟು ವರ್ಷದಲ್ಲಿ ಇದಕ್ಕಿಂತ ಪೆದ್ದು ಸಾಮಾನು ನನ್ನ ಕೈಗೆ ಬಂದಿರಲಿಲ್ಲ. ಯಾರೋ ಎಲ್ಲೋ ಕೂತರೆ ನನಗೇನಾಗಬೇಕು?

ಮೊದಲು ಇಟ್ಟಿದ್ದ ಜೋಡಿ ಮನೆಯವರಲ್ಲಿ ಒಬ್ಬರು ಊರು ಬಿಟ್ಟು ಹೋದರು. ‘ನಾಳೆಯೊಳಗೆ ಬೇರೆ ಎರಡು ಮನೆ ನೋಡಿ, ಪರಿಚಯದವರಾದ್ರೂ ಪರವಾಗಿಲ್ಲ, ಆದರೆ ಅವರಿಬ್ಬರೂ ಇದರ ಬಗ್ಗೆ ತಮ್ಮಲ್ಲಿ ಮಾತಾಡಿಕೊಳ್ಳಬಾರದು’ ಎಂದರು ಒಂದೇಮಾತು ಸಾರ್. ಪರಿಚಯವಿದ್ದೂ ಮಾತಾಡಿಕೊಳ್ಳದ ಎರಡು ಮನೆ! ನಾನು ಯೋಚಿಸುವ ಅಗತ್ಯವೇ ಬೀಳಲಿಲ್ಲ. ನಮ್ಮ ಮನೆ, ನಮ್ಮ ಭಾವನ ಮನೆ. ಈ ಅರ್ಹತೆಯಲ್ಲಿ ನನ್ನ ಗಂಡನನ್ನೂ ಅವರ ಅಣ್ಣನನ್ನೂ ಮೀರಿಸುವವರು ಭೂಮಿಯ ಮೇಲೆ ಸಿಗುವುದು ಕಷ್ಟ.

ಜಗಳದ ಕಾರಣ ಒಂದು ರೇಡಿಯೋ. ನಮ್ಮ ಮಾವನವರದು. ಅವರು ಹೋದ ಮೇಲೆ ಭಾವ ಅದನ್ನು ತಮ್ಮ ಮನೆಯ ಷೆಲ್ಫಿನ ಮೇಲಿಟ್ಟುಕೊಂಡು ದಿನಾ ಬೆಳಗ್ಗೆ ಹಾಕುತ್ತಿದ್ದರು. ಒಂದು ಸಲ ಅದು ಗೊರಗೊರ ಅನ್ನತೊಡಗಿತು. ಇವರು, ಅಂದರೆ ನನ್ನ ಗಂಡ, ಲಿಫ್ಟ್ ರಿಪೇರಿ ಮಾಡುವವರು. ಲಿಫ್ಟನ್ನೇ ರಿಪೇರಿ ಮಾಡುವವನಿಗೆ ರೇಡಿಯೋ ಯಾವ ಲೆಕ್ಕ ಎಂದು ಬಿಚ್ಚಿದರು. ಮತ್ತೆ ಜೋಡಿಸಿದರು. ಒಂದು ಸ್ಕ್ರೂ ಮಿಕ್ಕಿತು, ರೇಡಿಯೋ ಗೊರಗೊರ ಅನ್ನುವುದನ್ನೂ ನಿಲ್ಲಿಸಿತು. ಅವತ್ತು ಮನೆ ತುಂಬ ನೆಂಟರಿದ್ದರು. ಊಟಕ್ಕೆ ಕೂತಾಗ ಭಾವ ಎಲ್ಲರಿಗೂ ಕೇಳುವ ಹಾಗೆ, ‘ಅಪ್ಪನ್ನ ಎರಡನೇ ಸಲ ಕಳಿಸಿಬಿಟ್ಟೆ ಕಣೋ’ ಎಂದರು. ಇವರು ಅರ್ಧ ಊಟಕ್ಕೇ ಎದ್ದು ಬಂದರು. ಅಲ್ಲಿಂದ ಇಲ್ಲಿಯವರೆಗೆ ಅಣ್ಣತಮ್ಮಂದಿರ ಬಾಯಿಗೆ ಬೀಗ. ಒಬ್ಬರು ಬರುವ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ. ನಾನು ಮತ್ತು ಓರಗಿತ್ತಿ ಮಾತ್ರ ಫೋನಿನಲ್ಲಿ ಇಬ್ಬರನ್ನೂ ಆಡಿಕೊಂಡು ನಗುತ್ತಾ ನಮ್ಮ ಪಾಡಿಗೆ ಚೆನ್ನಾಗಿದ್ದೇವೆ.

ಓರಗಿತ್ತಿಯ ಮನೆಗೆ ಹೋಗಿ, ‘ಅಕ್ಕಾ, ಆಫೀಸಿಂದು, ಸ್ವಲ್ಪ ದಿನ ಇಟ್ಕೊಳ್ಳಿ’ ಎಂದು ಭಾವ ಕೂರುವ ಕುರ್ಚಿಗೆ ಮೆತ್ತೆ ಹಾಕಿ, ಷೆಲ್ಫಿನ ಮೇಲೆ ಸತ್ತ ರೇಡಿಯೋದ ಪಕ್ಕ ದೀಪ ಇಟ್ಟು ಬಂದೆ. ನಮ್ಮ ಮನೆಯಲ್ಲೂ ಹಾಗೇ, ಇವರ ಕುರ್ಚಿಗೊಂದು ಮೆತ್ತೆ, ಗೋಡೆಯ ಪಕ್ಕ ಒಂದು ದೀಪ. ಇವರು ದೀಪವನ್ನು ತಿರುಗಿಸಿ ಮುರುಗಿಸಿ ನೋಡಿ, ‘ಆ ಕಡೆ ಯಾರು?’ ಎಂದರು.

‘ಯಾರೋ. ಹೇಳೋ ಹಾಗಿಲ್ಲ.’

‘ಯಾರೋ ಕೂತ್ರೆ ನಮ್ಮನೇಲಿ ದೀಪ ಯಾಕೆ ಉರೀಬೇಕು? ಕರೆಂಟ್ ದಂಡ’ ಎಂದು ಮೂಗು ಮುರಿದರು. ನನಗೂ ಹಾಗೇ ಅನ್ನಿಸಿದ್ದರಿಂದ ನಾನು ಅಡುಗೆಮನೆಗೆ ಹೋದೆ.

ಸಂಜೆ ಇವರು ಕೆಲಸದಿಂದ ಬಂದು ಚಹಾ ಹಿಡಿದು ಕೂರುವ ಹೊತ್ತಿಗೇ ದೀಪ ಹೊತ್ತಿಕೊಳ್ಳುತ್ತಿತ್ತು. ಮೊದಮೊದಲು ಅದು ಹೊತ್ತಿ, ಆರಿ, ಮತ್ತೆ ಹೊತ್ತಿ, ಮತ್ತೆ ಆರಿ, ಆಮೇಲೆ ನೆಟ್ಟಗೆ ಉರಿಯುತ್ತಿದ್ದದ್ದನ್ನು ಕಂಡು ‘ಲೂಸ್ ಕಾಂಟ್ಯಾಕ್ಟು’ ಎಂದು ಸ್ಕ್ರೂಡ್ರೈವರ್ ತಂದರು. ಬಿಚ್ಚಲು ನಾನು ಬಿಡಲಿಲ್ಲ. ಕೆಲವು ದಿನ ಅದನ್ನೇ ದಿಟ್ಟಿಸಿ ನೋಡುತ್ತಾ ಕೂತರು. ಆಮೇಲೆ ಒಂದು ದಿನ ಏನೂ ಹೇಳದೆ ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿಬಿಟ್ಟರು. ಟೀವಿಯ ಕಡೆಗಿದ್ದ ಅವರ ಕುರ್ಚಿ ಯಾವಾಗಲೋ ದೀಪದ ಕಡೆಗೆ ತಿರುಗಿತ್ತು. ನಾನು ಕೇಳಿದ್ದಕ್ಕೆ, ‘ಆ ಕಡೆ ಗಾಳಿ ಚೆನ್ನಾಗಿ ಬರುತ್ತೆ’ ಎಂದರು. ಆ ಕಡೆ ಇರುವುದು ಗೋಡೆ. ಆದರೂ ನಾನು ನಂಬಿದೆ. ಊರವರ ಮನೆಯ ತಡಕನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡುವವಳಿಗೆ ತನ್ನ ಗಂಡನ ಕುರ್ಚಿ ಕಾಣಲಿಲ್ಲ.

ಎತ್ತುವ ದಿನ ಬಂತು. ಜೋಡಿ ಸಾಮಾನಿಗೆ ನಮ್ಮಲ್ಲಿ ಬೇರೆಯೇ ಪದ್ಧತಿ. ಎರಡೂ ಕಡೆ ಎತ್ತುವುದಿಲ್ಲ, ಒಂದು ಕಡೆಯದನ್ನು ಮಾತ್ರ ಎತ್ತುತ್ತೇವೆ. ಭಾವ ಹೊರಗೆ ಹೋಗಿದ್ದ ಹೊತ್ತು ನೋಡಿ ಅವರ ಮನೆಗೆ ಹೋಗಿ, ‘ಬ್ಯಾಟರಿ ಹೋಗಿದೆ ಅಕ್ಕ, ಮತ್ತೆ ತರ್ತೀನಿ’ ಎಂದು ದೀಪ ಅಲ್ಲೇ ಬಿಟ್ಟು ಮೆತ್ತೆಯನ್ನು ಮಾತ್ರ ಚೀಲಕ್ಕೆ ತುಂಬಿಕೊಂಡು ಬಂದೆ. ಓರಗಿತ್ತಿ ‘ಅಯ್ಯೋ, ನಿಮ್ಮ ಭಾವ ಅದನ್ನ ಬಿಟ್ಟು ಕೂರ್ತಾನೇ ಇರ್ಲಿಲ್ಲ’ ಎಂದಳು. ಆಮೇಲೆ ಮಾತು ಎಲ್ಲಿ ಜಾರಿ ಮೆತ್ತೆಯ ಗುಟ್ಟು ಹೊರಬೀಳುತ್ತದೋ ಎಂದು ಅವಳಿಗೆ ಫೋನ್ ಮಾಡುವುದನ್ನೂ ನಿಲ್ಲಿಸಿದೆ. ಅವಳು ಮಾಡಿದರೂ ಎತ್ತಲಿಲ್ಲ.

ಅವತ್ತು ಸಂಜೆ ನಮ್ಮ ಮನೆಯ ದೀಪ ಹೊತ್ತಲಿಲ್ಲ. ಇವರು ಚಹಾ ಲೋಟ ಹಿಡಿದು ಕೂತೇ ಇದ್ದರು. ಪ್ಲಗ್ಗನ್ನು ಒತ್ತಿ ನೋಡಿದರು. ತೆಗೆದು ಬೇರೆ ಕಡೆ ಹಾಕಿ ನೋಡಿದರು. ನಾನು ಅಡುಗೆಮನೆಯಿಂದ ಇಣುಕಿ, ಪ್ಲಗ್ ಮುಟ್ಟಿದ್ದು ತಡಕೋ ಅಥವಾ ರಿಪೇರಿಯವರ ಚಟವೋ ಎಂದು ತಲೆ ಕೆಡಿಸಿಕೊಂಡೆ. ಎತ್ತಿದ್ದಾಳೆ ಎಂಬ ಅನುಮಾನ ಇವರಿಗೆ ಬರಲಿಲ್ಲ. ಎತ್ತಿದ್ದರೆ ದೀಪವೇ ಇರುತ್ತಿರಲಿಲ್ಲವಲ್ಲ!

ಮರುದಿನವೂ ಹೊತ್ತಲಿಲ್ಲ. ಊಟದಲ್ಲಿ ಕೈಯಾಡಿಸುತ್ತಾ, ‘ಆ ಕಡೆ ಮನೆಯವರು ಚೆನ್ನಾಗಿದ್ದಾರಾ?’ ಎಂದರು.

‘ನಾನು ಹೇಳೋ ಹಾಗಿಲ್ಲ ರೀ. ರೂಲ್ಸು.’

‘ರೂಲ್ಸು’ ಎಂದು ಗೊಣಗಿದರು. ಆಮೇಲೆ ಎಲ್ಲೋ ನೋಡುತ್ತಾ, ‘ನಿನ್ನ ಓರಗಿತ್ತಿ ಫೋನ್ ಮಾಡಿದ್ಲಾ?’ ಎಂದರು. ಇಷ್ಟು ವರ್ಷದಲ್ಲಿ ಇವರ ಬಾಯಲ್ಲಿ ಆ ಮನೆಯ ಸುದ್ದಿ ಬಂದದ್ದೇ ಇಲ್ಲ. ನನಗೆ ಆಶ್ಚರ್ಯವಾಯಿತು, ಆದರೆ ಒಂದಕ್ಕೊಂದು ತಾಳೆ ಹಾಕಲು ಬುದ್ಧಿ ಓಡಲಿಲ್ಲ.

‘ಇಲ್ಲ, ಈಚೆಗೆ ಮಾತೇ ಆಡಿಲ್ಲ’ ಎಂದೆ. ಇವರ ಮುಖ ಬಾಡಿತು. ತಟ್ಟೆ ಸರಿಸಿ ಎದ್ದರು. ಆಮೇಲಿನ ದಿನಗಳಲ್ಲಿ ಇವರು ಸರಿಯಾಗಿ ಉಣ್ಣಲಿಲ್ಲ, ನನ್ನ ಮೇಲೆ ರೇಗಲೂ ಇಲ್ಲ. ರೇಗದೇ ಇದ್ದದ್ದೇ ನನಗೆ ಹೆಚ್ಚು ಗಾಬರಿ. ಹೊಟ್ಟೆ ಕೆಟ್ಟಿದೆ ಎಂದು ಜೀರಿಗೆ ಕುದಿಸಿ ಕೊಟ್ಟೆ. ಮರುಮಾತಿಲ್ಲದೆ ಕುಡಿದರು. ದೀಪದ ಬಗ್ಗೆ ಮತ್ತೆ ಕೇಳಲಿಲ್ಲವಾದ್ದರಿಂದ, ಆಫೀಸಿನಲ್ಲಿ ‘ನಮ್ಮನೇಲಿ ತಡಕು ಬಿದ್ದಿಲ್ಲ’ ಎಂದು ಹೇಳಿಬಿಟ್ಟೆ. ಒಂದೇಮಾತು ಸಾರ್, ‘ಹಾಗಾದ್ರೆ ದೀಪ ಬೇಡ, ನಿದ್ದೆಯ ಪಟ್ಟಿ ಬೇಕು, ಸರಿನಾ?’ ಎಂದರು. ‘ಇನ್ನೊಂದೆರಡು ದಿನ ಕೊಡಿ ಸಾರ್’ ಎಂದೆ. ಯಾಕೆ ಹಾಗೆಂದೆನೋ ನನಗೇ ತಿಳಿಯದು.

ಅದಾದ ಮಾರನೆಯ ಬೆಳಗ್ಗೆ ಆಫೀಸಿಗೆ ಕಾಲಿಡುವಷ್ಟರಲ್ಲಿ ಓರಗಿತ್ತಿಯ ಫೋನು. ಗಾಬರಿಗೆ ಎತ್ತಿಬಿಟ್ಟೆ.

‘ಬೇಗ ಬಾರೇ ಮಾರಾಯ್ತಿ. ನಿನ್ನ ಗಂಡ ಬಂದು ಬಾಗಿಲಲ್ಲಿ ನಿಂತಿದಾರೆ. ಮೈಯೆಲ್ಲ ಬೆವರು. ಒಳಗೂ ಬರಲ್ಲ, ಹೊರಗೂ ಹೋಗಲ್ಲ. ನಿಮ್ಮ ಭಾವನ್ನ ಮೇಲಿಂದ ಕೆಳಗೆ ನೋಡ್ತಾ ಇದಾರೆ.’

 ಆಫೀಸಿಗೆ ಒಪ್ಪಿಸಲೆಂದು ಮೆತ್ತೆ ಇಟ್ಟುಕೊಂಡಿದ್ದ ಚೀಲ ಹೆಗಲಿಗೇರಿಸಿ ಓಡಿದೆ. ಆಮೇಲೆ ತಿಳಿದದ್ದು: ಇವರು ಅವತ್ತು ಒಂದು ಎತ್ತರದ ಕಟ್ಟಡದ ಲಿಫ್ಟ್ ಬಿಚ್ಚಿ ಹರಡಿಕೊಂಡು ಕೂತಿದ್ದವರು, ಇದ್ದಕ್ಕಿದ್ದಂತೆ ‘ಕೆಟ್ಟಿದೆ’ ಎಂಬ ಬೋರ್ಡು ತೂಗುಹಾಕಿ ಎದ್ದು ಬಂದಿದ್ದರು. ಆ ಕಟ್ಟಡದವರು ಅವತ್ತು ಸಂಜೆಯವರೆಗೂ ಮೆಟ್ಟಿಲು ಹತ್ತುತ್ತಾ ಇವರಿಗೆ ಹಿಡಿಶಾಪ ಹಾಕಿದರಂತೆ.

ನಾನು ಹೋದಾಗ ಭಾವ ಕೈಯಲ್ಲಿ ರೇಜರು ಹಿಡಿದು ನಡುಮನೆಯಲ್ಲಿ ನಿಂತಿದ್ದರು. ಅರ್ಧ ಮುಖಕ್ಕೆ ಸೋಪಿನ ನೊರೆ. ಇವರು ಬಾಗಿಲಲ್ಲಿ, ಎಣ್ಣೆ ಮೆತ್ತಿದ ಕೆಲಸದ ಬಟ್ಟೆಯಲ್ಲಿ. ಇಬ್ಬರೂ ಮಾತಾಡಿರಲಿಲ್ಲ. ಓರಗಿತ್ತಿ ಅಡುಗೆಮನೆ ಬಾಗಿಲಿಗೆ ಒರಗಿ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಕೊನೆಗೆ ಇವರೇ ಬಾಯಿ ಬಿಟ್ಟರು. ‘ಯಾಕೆ ನೀನು ಕೂರ್ತಿಲ್ಲ?’

ಭಾವ ಕಕ್ಕಾಬಿಕ್ಕಿಯಾದರು. ‘ಏನೋ ಹಾಗಂದ್ರೆ?’

‘ಕೂರ್ತಿಲ್ಲ ನೀನು. ಇಷ್ಟು ದಿನ ಆಯ್ತು. ಏನಾಯ್ತು ಅಂತ ಹೇಳ್ಬಾರ್ದಾ? ಯಾರಿಗೂ ಹೇಳದೆ ಕೇಳದೆ...’ ಇವರ ದನಿ ಒಡೆಯಿತು.

‘ಕೂರ್ದೆ ಏನೋ? ದಿನಾ ಕೂತೇ ಇದೀನಲ್ಲ! ನಿಂತ್ಕೊಂಡು ಊಟ ಮಾಡೋಕಾಗುತ್ತಾ?’ ಭಾವ ನನ್ನ ಕಡೆ ತಿರುಗಿದರು. ‘ಏನಮ್ಮಾ ಇವನಿಗೆ? ಬಿಸಿಲು ತಲೆಗೇರಿದೆಯಾ?’

ನನಗೆ ಆಗ ಅರ್ಥವಾಯಿತು.  ಚೀಲದಿಂದ ಮೆತ್ತೆ ತೆಗೆದು ಅದೇ ಕುರ್ಚಿಯ ಮೇಲಿಟ್ಟು, ಇದ್ದದ್ದು ಇದ್ದ ಹಾಗೆ ಎಲ್ಲ ಹೇಳಿದೆ. ರೂಲ್ಸು ಹಾಳಾಗಿ ಹೋಗಲಿ ಎನ್ನಿಸಿತ್ತು. ಮೆತ್ತೆ ಯಾವುದು, ದೀಪ ಯಾವುದು, ಯಾರು ಕೂತರೆ ಎಲ್ಲಿ ಹೊತ್ತುತ್ತದೆ, ಯಾಕೆ ಎತ್ತಿದೆ, ಎಲ್ಲ. ಭಾವ ನೊರೆ ಒಣಗುವವರೆಗೆ ಕೇಳಿದರು. ಆಮೇಲೆ ಷೆಲ್ಫಿನ ಮೇಲಿದ್ದ ದೀಪದ ಕಡೆ ಬೆರಳು ಮಾಡಿ, ‘ಅದು ಸೊಳ್ಳೆ ಓಡಿಸೋದಲ್ವಾ?’ ಎಂದರು.

‘ಸೊಳ್ಳೆ?’

‘ಸಂಜೆ ಹೊತ್ಕೊಳ್ತಿತ್ತಲ್ಲ. ನಾನು ಸೊಳ್ಳೇದು ಅಂದ್ಕೊಂಡೆ. ಸೊಳ್ಳೆ ಕಮ್ಮೀನೂ ಆಗಿತ್ತು.’

ಓರಗಿತ್ತಿ ತಡೆಯಲಾರದೆ ನಕ್ಕಳು. ಇವರಿಗೆ ಮಾತ್ರ ಮುಖಕ್ಕೆ ಹೊಡೆದಂತಾಯಿತು. ಇಷ್ಟು ಕಾಲ ದಿನಾ ಸಂಜೆ ಆ ಕುರ್ಚಿಯಲ್ಲಿ ಕೂತು, ತಾನು ಕೂತದ್ದು ಅಣ್ಣನಿಗೂ ಗೊತ್ತಾಗುತ್ತಿದೆ, ಇಬ್ಬರೂ ಮಾತಿಲ್ಲದೆ ಒಟ್ಟಿಗೆ ಚಹಾ ಕುಡಿಯುತ್ತಿದ್ದೇವೆ ಎಂದುಕೊಂಡಿದ್ದರಲ್ಲ! ಅಣ್ಣನ ಪಾಲಿಗೆ ಅದು ಸೊಳ್ಳೆಬತ್ತಿ. ನನಗೆ ನಗು ಬಂತು, ಆಮೇಲೆ ಅಳು ಬಂತು, ಯಾವುದನ್ನು ಮುಂದೆ ಬಿಡಬೇಕೋ ತಿಳಿಯದೆ ಕೆಮ್ಮಿದೆ.

‘ಬಂದಿದೀಯ, ಒಳಗೆ ಬಾ. ಬಾಗಿಲಲ್ಲಿ ನಿಂತ್ರೆ ಸೊಳ್ಳೆ ಬರುತ್ತೆ’ ಎಂದರು ಭಾವ.

ಇವರು ಒಳಗೆ ಬಂದು ಕೂತರು. ಎರಡು ನಿಮಿಷ ನೆಮ್ಮದಿಯಾಗಿತ್ತು. ಅಷ್ಟರಲ್ಲಿ ಇವರ ಕಣ್ಣು ರೇಡಿಯೋದ ಮೇಲೆ ಬಿತ್ತು. ‘ಇನ್ನೂ ಇಟ್ಕೊಂಡಿದೀಯಾ?’ ಎಂದರು. ‘ಇಟ್ಕೊಳ್ದೆ? ನೀನು ಕೊಂದೆ ಅಂತ ನಾನು ಬಿಸಾಕ್ಲಾ?’ ಎಂದರು ಭಾವ. ಇವರು, ‘ಅದು ಮೊದಲೇ ಸತ್ತಿತ್ತು, ನಾನು ಬಿಚ್ಚಿ ನೋಡಿದೆ ಅಷ್ಟೆ’ ಎಂದರು. ಭಾವ, ‘ಮತ್ತೆ ಆ ಸ್ಕ್ರೂ ಯಾಕೆ ಮಿಕ್ತು?’ ಎಂದರು. ಆಮೇಲೆ ಇಬ್ಬರೂ ಏಕಕಾಲಕ್ಕೆ ಮಾತಾಡತೊಡಗಿದ್ದರಿಂದ ಯಾರು ಏನೆಂದರೋ ಕೇಳಿಸಲಿಲ್ಲ. ಬೀದಿಯವರು ಕಿಟಕಿಯಲ್ಲಿ ಇಣುಕಿದರು. ಓರಗಿತ್ತಿ ನನ್ನ ಕಿವಿಯಲ್ಲಿ, ‘ಇದಕ್ಕಿಂತ ಮಾತು ಬಿಟ್ಟಿದ್ದೇ ಚೆನ್ನಾಗಿತ್ತಲ್ವೇನೆ?’ ಎಂದಳು.

ಹೊರಡುವಾಗ ನಾನು ಮೆತ್ತೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡೆ. ಎತ್ತಿದ ಮೇಲೆ ಆಫೀಸಿಗೆ ಒಪ್ಪಿಸಲೇಬೇಕು. ಭಾವ ಉಳಿದರ್ಧ ಮುಖಕ್ಕೆ ಹೊಸದಾಗಿ ನೊರೆ ಹಚ್ಚಿಕೊಳ್ಳುತ್ತಾ, ‘ಆ ಮೆತ್ತೆ ಬೆನ್ನಿಗೆ ಚೆನ್ನಾಗಿತ್ತಮ್ಮ. ವಾಪಸ್ ಯಾವಾಗ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಇವರು ಹೊಸಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ, ‘ಭಾನುವಾರ ನಾನೇ ತಂದ್ಕೊಡ್ತೀನಿ’ ಎಂದರು.

ದಾರಿಯಲ್ಲಿ ಕೇಳಿದೆ. ‘ಆ ಕಡೆ ಭಾವ ಅಂತ ನಿಮಗೆ ಹೇಗೆ ಗೊತ್ತಾಯ್ತು? ನಾನು ಬಾಯಿ ಬಿಟ್ಟಿರಲಿಲ್ಲ.’

‘ಅವನು ಕೂರೋದು ನೋಡಿದ್ದೀಯಾ? ಒಂದು ಸಲ ಕೂರ್ತಾನೆ. ಎದ್ದು ಹೋಗಿ ಒಲೆ ಆರಿದ್ಯಾ ನೋಡ್ತಾನೆ. ಬಂದು ಕೂರ್ತಾನೆ. ಮತ್ತೆ ಎದ್ದು ಹೋಗಿ ಬಾಗಿಲು ನೋಡ್ತಾನೆ. ಆಮೇಲೇ ನೆಮ್ಮದಿಯಾಗಿ ಕೂರೋದು. ಬಸ್ ಓಡಿಸ್ತಿದ್ದಾಗ ಒಂದು ಸುತ್ತು ಇಳಿದು ಟಯರ್ ನೋಡದೆ ಗಾಡಿ ಬಿಡ್ತಿರ್ಲಿಲ್ಲ, ಆ ಅಭ್ಯಾಸ.’ ಸ್ವಲ್ಪ ದೂರ ನಡೆದು, ‘ಬೇರೆ ಯಾರು ಹಾಗೆ ಕೂರ್ತಾರೆ?’ ಎಂದರು.

 ಅದನ್ನು ಕೇಳಿ ನನ್ನ ತಲೆ ಸುತ್ತತೊಡಗಿತು. ದೀಪ ಹೊತ್ತುತ್ತಿದ್ದಷ್ಟು ದಿನ ಇವರು ಅಣ್ಣನ ಮನೆಯ ಕಡೆ ತಲೆ ಹಾಕಿ ಮಲಗಲಿಲ್ಲ. ಅವನು ಕೂತಿದ್ದಾನೆ, ಬದುಕಿದ್ದಾನೆ, ಇಷ್ಟು ಸಾಕು ಎಂದು ಗೋಡೆಯ ಕಡೆ ಕುರ್ಚಿ ಹಾಕಿಕೊಂಡು ಇನ್ನೂ ಹತ್ತು ವರ್ಷ ಕೂತಿರುತ್ತಿದ್ದರೋ ಏನೋ. ದೀಪ ಆರಿದ ಮೇಲೆ ಓಡಿ ಹೋದರು. ಹಾಗಾದರೆ ದೀಪ ಬೇಕೋ ಬೇಡವೋ? ಇದ್ದದ್ದು ಒಳ್ಳೆಯದಾಯಿತೋ, ಹೋದದ್ದು ಒಳ್ಳೆಯದಾಯಿತೋ? ಇಲ್ಲದೇ ಹೋಗಿದ್ದರೆ ಆರುವುದಾದರೂ ಎಲ್ಲಿಂದ? ಮನೆ ತಲುಪುವವರೆಗೆ ಇದನ್ನೇ ಅರೆದು ಅರೆದು, ಕೊನೆಗೆ ನಮ್ಮ ಮನೆಯ ಬೀಗಕ್ಕೆ ಆಫೀಸಿನ ಬೀಗದ ಕೈ ತುರುಕುತ್ತಾ ನಿಂತಿದ್ದೆ.

ಭಾನುವಾರ ಇವರು ಮೆತ್ತೆಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೊರಟರು. ಆಫೀಸಿಗೆ ಒಪ್ಪಿಸುವುದಿದೆ ಎಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಹೊತ್ತು ಇಳಿದ ಮೇಲೆ ಬಂದರು. ಚೀಲದಲ್ಲಿ ಮೆತ್ತೆ ಹಾಗೇ ಇತ್ತು.

‘ಕೊಡ್ಲಿಲ್ವಾ?’

‘ಮರೆತೆ’ ಎಂದರು.

ಮುಂದಿನ ಭಾನುವಾರವೂ ಮೆತ್ತೆ ಹೋಯಿತು, ಬಂತು. ‘ಮಾತಿನ ಭರದಲ್ಲಿ ಮರೆತೆ’ ಎಂದರು. ಚೀಲ ಹೆಗಲಿಗೇ ತಗುಲಿಕೊಂಡಿದ್ದನ್ನು ಮನುಷ್ಯ ಹೇಗೆ ಮರೆಯುತ್ತಾನೋ! ನಾನು ಕೆದಕಲಿಲ್ಲ. ಆ ಸಲ ಸ್ಕ್ರೂಡ್ರೈವರ್ ಡಬ್ಬಿಯೂ ಹೋಗಿತ್ತು.

‘ರೇಡಿಯೋ ಮಾತಾಡ್ತಾ?’ ಎಂದು ಕೇಳಿದೆ.

‘ಇಲ್ಲ.’

‘ಭಾವ?’

‘ಅವನು ಬಾಯಿ ಮುಚ್ಚಲ್ಲ’ ಎಂದು ಬೇಸರದ ಮುಖ ಮಾಡಲು ನೋಡಿದರು. ಆಗಲಿಲ್ಲ.

ಅತ್ತ ಆಫೀಸಿನಲ್ಲಿ ಒಂದೇಮಾತು ಸಾರ್ ನನ್ನನ್ನು ಕರೆದರು. ‘ಮೇಡಂ, ಎತ್ತಿದ ಸಾಮಾನೆಲ್ಲ ವಾಪಸ್ ಬಂದಿದೆ. ಆ ಮೆತ್ತೆ ಯಾಕೆ ಬಂದಿಲ್ಲ?’

‘ಅದು... ಮನೆಯವರು ಬಿಡ್ತಿಲ್ಲ ಸಾರ್. ತಗೊಂಡು ಹೋಗ್ತಾರೆ, ತಗೊಂಡು ಬರ್ತಾರೆ, ಕೈಬಿಡ್ತಿಲ್ಲ.’

ಸಾರ್ ಕುರ್ಚಿಯಿಂದ ಅರ್ಧ ಎದ್ದರು. ‘ಕೈಬಿಡ್ತಿಲ್ವಾ? ಅಂದ್ರೆ ಜೊತೆಯಲ್ಲೇ ಇಟ್ಕೊಂಡು ಓಡಾಡ್ತಾರಾ?’

‘ಹೌದು ಸಾರ್. ಆದರೆ ಅದರ ಮೇಲೆ ಯಾರೂ ಕೂರ್ತಿಲ್ಲ. ದೀಪಾನೂ ಹೊತ್ತಲ್ಲ. ಅಂದ್ರೆ, ಅದು ಬೇಕು, ಆದರೆ ಅದರ ಕೆಲಸಕ್ಕೆ ಬೇಕಾಗಿಲ್ಲ, ಬೇರೆ ಒಂದು...’

‘ಒಂದೇ ಮಾತಲ್ಲಿ ಹೇಳಿ ಮೇಡಂ! ಕೈಬಿಡ್ತಾರಾ, ಬಿಡಲ್ವಾ?’

‘ಬಿಡಲ್ಲ ಸಾರ್.’

‘ಇದು ತಡಕಲ್ಲ ಮೇಡಂ, ತಡಕಿನ ಅಪ್ಪ’ ಎಂದು ಮೇಜು ಗುದ್ದಿದರು. ಮೆತ್ತೆ ಮತ್ತು ದೀಪ ತಯಾರಾಗಬೇಕು, ಬೇಗ, ಮನೆಮನೆಗೂ ಸಿಗುವಷ್ಟು ಎಂದು ಅಲ್ಲೇ ಅಪ್ಪಣೆಯಾಯಿತು. ನನ್ನನ್ನು ಎಲ್ಲರೆದುರು ಹೊಗಳಿದರು. ದೂರಿನ ಮೇಜು ತಪ್ಪಿತು. ನಾನು ಹೇಳಿದ್ದು ಸುಳ್ಳಲ್ಲ, ಅವರಿಗೆ ತಿಳಿದದ್ದು ಸರಿಯೂ ಅಲ್ಲ. ಎಲ್ಲಿ ಏನು ತಪ್ಪಿತು ಎಂದು ಗೊತ್ತಾಗದೆ ಕೊಟ್ಟ ಸಿಹಿಯನ್ನು ತಿಂದು ಬಂದೆ.

ಈ ಭಾನುವಾರ ನಾನು ಮೆತ್ತೆಯ ಚೀಲವನ್ನು ಬಾಗಿಲ ಪಕ್ಕ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದೆ. ಇವರು ಬೇಗ ಎದ್ದು, ಸ್ನಾನ ಮಾಡಿ, ತಿಂಡಿಯನ್ನೂ ಅಲ್ಲೇ ತಿನ್ನುತ್ತೇನೆ ಎಂದು ಹೊರಟೇಬಿಟ್ಟರು. ನಾನು ನೋಡಿದಾಗ ಚೀಲ ಇದ್ದಲ್ಲೇ ಇತ್ತು. ಅದನ್ನೆತ್ತಿಕೊಂಡು ಬಾಲ್ಕನಿಗೆ ಓಡಿದೆ. ಇವರು ಆಗಲೇ ಬೀದಿಯ ತಿರುವಿನ ಹತ್ತಿರ ಹೋಗಿದ್ದರು.

‘ರೀ! ಮೆತ್ತೆ!’ ಎಂದು ಕೂಗಿದೆ.

ಇವರು ನಿಂತು ಹಿಂತಿರುಗಿದರು. ಕೈ ಎತ್ತಿ ಬಿಸಿಲಿಗೆ ಅಡ್ಡ ಹಿಡಿದು ನನ್ನನ್ನೇ ನೋಡಿದರು.

‘ಯಾವ ಮೆತ್ತೆ?’ ಎಂದರು.

ನಾನು ಎತ್ತಿ ಹಿಡಿದಿದ್ದ ಚೀಲವನ್ನು ಕೆಳಗಿಳಿಸಿದೆ. ಇವರು ಒಂದು ಕ್ಷಣ ಕಾದು, ಹೆಂಡತಿಗೆ ಏನೋ ಆಗಿದೆ ಎನ್ನುವಂತೆ ತಲೆಯಾಡಿಸಿ, ತಿರುವಿನಲ್ಲಿ ಮರೆಯಾದರು. ನಾಳೆ ಆಫೀಸಿಗೆ ಹೊಸ ಮೆತ್ತೆಗಳ ಮೊದಲ ಲಾರಿ ಬರುತ್ತದೆ. ಬೇಕೇ, ಬೇಡವೇ ಎಂದು ಸಾರ್ ಮತ್ತೆ ಕೇಳಲಿಕ್ಕಿಲ್ಲ. ಕೇಳಿದರೆ ನನ್ನಲ್ಲಿ ಆ ಒಂದು ಮಾತು ಇಲ್ಲ.

ಒಳಗೆ ಬಂದು ಇವರ ಕುರ್ಚಿಯಲ್ಲಿದ್ದ ಮೆತ್ತೆ ಸರಿಸಿ, ಭಾವನ ಮೆತ್ತೆಯನ್ನು ಇಟ್ಟು ಅದರ ಮೇಲೆ ಕೂತೆ. ಬೆನ್ನಿಗೆ ನಿಜವಾಗಲೂ ಹಿತವಾಗಿತ್ತು. ಎದುರಿನ ದೀಪ ಮೆಲ್ಲಗೆ ಹೊತ್ತಿಕೊಂಡು, ಆ ಮನೆಯಲ್ಲಿ ಯಾರೋ ಕೂತಿದ್ದಾರೆ ಎಂದು ನನಗೆ ಹೇಳತೊಡಗಿತು. ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಅನುಮಾನವಾಗಿ ಎದ್ದು ಹೋದೆ. ಆರಿಸಿದ್ದೆ. ಬಂದು ಮತ್ತೆ ಕೂತೆ.